ತಿಂಗಳಿಗೊಮ್ಮೆ ಹೊಲದ ದಾರಿ ನಡೆಯುವ ಗುಂಪಿಗೆ ಸೇರಬೇಕೆಂದಿದ್ದೇನೆ: ಹೋಗಿ ಬಂದವರು ಹೇಳಿ

ಹದಿನೆಂಟು ಸುತ್ತು, ಹುಬ್ಬಳ್ಳಿ (ನವೆಂಬರ್ 14)

ನನಗೆ 51 ವರ್ಷ, ಮನೆ ವಿದ್ಯಾನಗರದಲ್ಲಿ. ನಾಲ್ಕು ವರ್ಷಗಳಿಂದ ಬೆಳಿಗ್ಗೆ ಆರಕ್ಕೆ ನಮ್ಮ ಓಣಿಯ ಪಾರ್ಕಿನಲ್ಲಿ ಹದಿನೆಂಟು ಸುತ್ತು ಹಾಕುತ್ತೇನೆ. ಯಾವ ಹಾಸುಗಲ್ಲು ಅಲುಗಾಡುತ್ತದೆ, ಯಾವ ಬೆಂಚಿನ ಮೇಲೆ ಯಾರ ಸೊಸೆಯ ವಿಚಾರಣೆ ನಡೆಯುತ್ತದೆ ಎಂಬುದನ್ನೆಲ್ಲ ಈಗ ಕಣ್ಣು ಮುಚ್ಚಿ ಹೇಳಬಲ್ಲೆ. ಸಕ್ಕರೆಯ ಮಟ್ಟ ಇಳಿದಿದೆ, ಅದಕ್ಕೆ ಪಾರ್ಕಿನ ಋಣ ಇದೆ. ಆದರೆ ಬೇಸರ ಬಂದಿದೆ.

ನನ್ನ ತವರು ರೋಣ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಹೊಲ ಮಾರಿದ್ದು 1998ರಲ್ಲಿ. ಆಮೇಲೆ ನಾನು ಹೊಲದೊಳಗೆ ಕಾಲಿಟ್ಟಿಲ್ಲ, ಬಸ್ಸಿನ ಕಿಟಕಿಯಿಂದ ನೋಡಿದ್ದಷ್ಟೇ. ಹೋದ ವಾರ ನಮ್ಮ ಕಚೇರಿಗೆ ಬಂದಿದ್ದ ಧಾರವಾಡದವರೊಬ್ಬರು, ಪ್ರತಿ ತಿಂಗಳ ಎರಡನೆಯ ಭಾನುವಾರ ಒಂದಿಷ್ಟು ಜನ ಸೇರಿ ಹಳ್ಳಿಗಳ ಕಡೆ ಎಂಟು ಹತ್ತು ಕಿಲೋಮೀಟರ್ ನಡೆದು ಬರುತ್ತಾರೆ ಎಂದು ಹೇಳಿದರು. ಶುಲ್ಕವಿಲ್ಲ, ಪದಾಧಿಕಾರಿಗಳಿಲ್ಲ, ಬುತ್ತಿ ಕಟ್ಟಿಕೊಂಡು ಹೋದರೆ ಆಯಿತು ಎಂದರು. ಅಂದಿನಿಂದ ತಲೆಯಲ್ಲಿ ಅದೇ ಕುಳಿತಿದೆ.

ಕೇಳಬೇಕಾದದ್ದು ಹಲವು ಇವೆ, ಸಂಕೋಚ ಬಿಟ್ಟು ಕೇಳುತ್ತೇನೆ. ನನ್ನ ಎಡ ಮೊಣಕಾಲು ಮೆಟ್ಟಿಲು ಇಳಿಯುವಾಗ ಗೊಣಗುತ್ತದೆ, ಸಪಾಟು ನೆಲದಲ್ಲಿ ಸುಮ್ಮನಿರುತ್ತದೆ. ನಾನು ಹಿಂದೆ ಬಿದ್ದರೆ ಕಾಯುತ್ತಾರೆಯೇ? ಹೆಂಗಸರು ಎಷ್ಟು ಜನ ಬರುತ್ತಾರೆ? ನಾಲ್ಕು ತಾಸು ಬಯಲಿನಲ್ಲಿ ಇರುವುದಾದರೆ ಶೌಚಕ್ಕೆ ಏನು ಮಾಡುತ್ತೀರಿ? ಇನ್ನೊಂದು, ಇದನ್ನು ಕೇಳಿದರೆ ನಗುತ್ತೀರೇನೋ: ಮಾತನಾಡಲೇಬೇಕೇ? ವಾರವಿಡೀ ಕೌಂಟರಿನ ಹಿಂದೆ ಕುಳಿತು ಮಾತನಾಡಿಯೇ ಗಂಟಲು ಒಣಗಿರುತ್ತದೆ.

ನನ್ನ ಯಜಮಾನರು ಎಲ್ಲ ಕೇಳಿಸಿಕೊಂಡು, "ನಡೆಯುವುದಕ್ಕೆ ಬಸ್ಸು ಹತ್ತಿ ಹೋಗುವುದು ಯಾವ ಜಾಣತನ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಗಿರಮಿಟ್ಟು ಪ್ರಿಯ, ಹುಬ್ಬಳ್ಳಿ (ನವೆಂಬರ್ 14)

ಅಕ್ಕಾ, ಇಷ್ಟೆಲ್ಲ ಏಕೆ? ಉಣಕಲ್ ಕೆರೆಯ ದಂಡೆಯ ಮೇಲೆ ಒಂದು ಸುತ್ತು ಹಾಕಿ. ಸಾಲದಿದ್ದರೆ ಪಕ್ಕದಲ್ಲೇ ಚಂದ್ರಮೌಳೇಶ್ವರ ಇದ್ದಾನೆ, ಕೈಮುಗಿಯಿರಿ. ನೃಪತುಂಗ ಬೆಟ್ಟ ಹತ್ತಿದರೆ ಇಡೀ ಹುಬ್ಬಳ್ಳಿ ಕಾಣುತ್ತದೆ. ಇಳಿದು ಬಂದು ಗಿರಮಿಟ್ಟು, ಮಿರ್ಚಿ. ಹನ್ನೊಂದಕ್ಕೆ ಮನೆ. ಮಣ್ಣು ಬೇಡ, ಮುಳ್ಳು ಬೇಡ.

ಸರಪಳಿ, ಧಾರವಾಡ (ನವೆಂಬರ್ 15)

ತಂಗೀ, ನಿಮ್ಮ ಯಜಮಾನರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದೇ ಪ್ರಶ್ನೆ ನನ್ನ ಮನೆಯಲ್ಲೂ ಎದ್ದಿತ್ತು.

ನಾನು ಭೂಮಾಪನ ಇಲಾಖೆಯಲ್ಲಿ 34 ವರ್ಷ ಇದ್ದವನು. ಧಾರವಾಡ, ನವಲಗುಂದ, ಶಿರಹಟ್ಟಿ, ಮತ್ತೆ ಧಾರವಾಡ. ಆಗ ನಡೆದದ್ದಕ್ಕೆ ಸಂಬಳ ಕೊಡುತ್ತಿದ್ದರು, ಈಗ ಕೈಯಿಂದ ಖರ್ಚು ಮಾಡಿ ನಡೆಯುತ್ತೇನೆ. ನಮ್ಮ ಕಡೆ ಅಳತೆಯ ಸರಪಳಿ 33 ಅಡಿಯದು, ಅದರ 16 ಭಾಗಗಳಿಗೆ ಆಣೆ ಎನ್ನುತ್ತೇವೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದರೆ ಒಂದು ಗುಂಟೆ, ಅಂಥವು 40 ಆದರೆ ಎಕರೆ. 100 ಸರಪಳಿ ನಡೆದರೆ ಒಂದು ಕಿಲೋಮೀಟರ್, ಆರು ಮೀಟರಷ್ಟೇ ಹೆಚ್ಚು. ಇಂದಿಗೂ ನಾನು ನಡೆಯುವಾಗ ಬಾಯಿಯೊಳಗೇ ಎಣಿಸುತ್ತಿರುತ್ತೇನೆ, ಹದಿಮೂರು ಹೆಜ್ಜೆಗೊಂದು ಸರಪಳಿ. ಹೆಂಡತಿ ಇದನ್ನು ಜಪ ಎಂದುಕೊಂಡಿದ್ದಾಳೆ.

ಬಸ್ಸು ಹತ್ತುವುದು ಏಕೆಂದರೆ, ನೆಲ ನಮ್ಮ ಮನೆಬಾಗಿಲಿಗೆ ಬರುವುದಿಲ್ಲ. ಧಾರವಾಡ ಎರಡು ನೆಲಗಳ ಗಡಿಯಲ್ಲಿರುವ ಊರು. ಸ್ಥೂಲವಾಗಿ ಪಶ್ಚಿಮಕ್ಕೆ ಮಸಾರಿ, ಪೂರ್ವಕ್ಕೆ ಎರೆ, ಅಂದರೆ ಕರಿಮಣ್ಣು. ಪಶ್ಚಿಮಕ್ಕೆ ಹೋದರೆ ಕೆಮ್ಮಣ್ಣು, ಭತ್ತ, ಮಾವು, ಕೆರೆಗಳು, ಮುಂದೆ ಕಾಡು. ಪೂರ್ವಕ್ಕೆ ಹೋದರೆ ಬೆಳವಲ: ಜೋಳ, ಕಡಲೆ, ಹತ್ತಿ, ಕಣ್ಣು ಹೋದಷ್ಟು ದೂರ ಒಂದು ಮರ ಸಿಗುವುದೇ ಕಷ್ಟ. ಬಸ್ಸಿನಲ್ಲಿ ಮುಕ್ಕಾಲು ತಾಸು ಕುಳಿತರೆ ಬೇರೆ ದೇಶಕ್ಕೆ ಹೋದಂತೆ ಆಗುತ್ತದೆ. ನಿಮಗಂತೂ 2023ರ ಜೂನ್‌ನಿಂದ ಆ ಬಸ್ಸು ಪುಕ್ಕಟೆ. ನಮ್ಮಂಥ ಗಂಡಸರು ಟಿಕೆಟ್ ತೆಗೆಸುವಾಗ ನಮ್ಮ ಗುಂಪಿನ ಅಕ್ಕಂದಿರು ಕಿಟಕಿಯ ಆಚೆ ನೋಡುತ್ತಾ ನಗುತ್ತಾರೆ.

ಈ ನೆಲದ ಲೆಕ್ಕವನ್ನು ನಾವು ಪೆಟ್ಟು ತಿಂದು ಕಲಿತೆವು. ಗುಂಪು ಶುರುವಾದ ಮೊದಲ ವರ್ಷ, ಜುಲೈ ತಿಂಗಳು. ಹೊಸ ಹುರುಪು, 23 ಜನ. ನವಲಗುಂದದ ಕಡೆಯ ಒಂದು ಬಂಡಿದಾರಿಯನ್ನು ನಾನೇ ಆರಿಸಿದ್ದೆ, ನೌಕರಿಯ ಕಾಲದಲ್ಲಿ ನೂರು ಸಲ ನಡೆದ ದಾರಿ. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಬಿದ್ದರೆ ಬೀಳಲಿ, ತಂಪಾಗಿರುತ್ತದೆ ಎಂದು ಹೊರಟೆವು. ಎರೆಮಣ್ಣು ನೀರು ಕುಡಿದು ಉಬ್ಬುವ ಮಣ್ಣು. ಮೊದಲ ಹತ್ತು ಹೆಜ್ಜೆಗೆ ಅಟ್ಟೆಯ ಕೆಳಗೆ ಒಂದು ರೊಟ್ಟಿ ಅಂಟಿಕೊಳ್ಳುತ್ತದೆ. ಇಪ್ಪತ್ತಕ್ಕೆ ಎರಡನೆಯ ರೊಟ್ಟಿ. ಐವತ್ತಕ್ಕೆ ನೀವು ನಾಲ್ಕು ಇಂಚು ಎತ್ತರ ಆಗಿರುತ್ತೀರಿ, ಒಂದೊಂದು ಕಾಲಿಗೆ ಒಂದೊಂದು ಕೊಡ ಕಟ್ಟಿದ ಭಾರ. ಕೋಲಿನಿಂದ ಕೆರೆದು ಹಾಕಿದರೆ ಮುಂದಿನ ಹೆಜ್ಜೆಗೇ ಮತ್ತೆ ಹತ್ತುತ್ತದೆ. ಎರೆಮಣ್ಣು ಹತ್ತಿದರೆ ಸಾಲ ಕೊಟ್ಟವನು ಬೆನ್ನು ಹತ್ತಿದಂತೆ, ಕೊಡವಿಕೊಂಡಷ್ಟೂ ಬಿಗಿಯಾಗುತ್ತದೆ. 150 ಸರಪಳಿ ದೂರಕ್ಕೆ ಎರಡೂವರೆ ತಾಸು ಹಿಡಿಯಿತು. ಒಬ್ಬರ ದುಬಾರಿ ಬೂಟಿನ ಅಟ್ಟೆಯೇ ಕಿತ್ತು ನೆಲದಲ್ಲಿ ಉಳಿಯಿತು. ಎದುರಿಗೆ ಬಂದ ಅಜ್ಜನೊಬ್ಬ ಬರಿಗಾಲಿನಲ್ಲಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ನಮ್ಮನ್ನು ಒಂದೊಂದೇ ಕಾಲು ನೋಡಿ, "ಎಲ್ಲಾ ಓದಿದವರು ಕಾಣುತ್ತೀರಿ" ಎಂದು ಹೇಳಿ ದಾಟಿ ಹೋದ.

ಅಂದಿನಿಂದ ನಮ್ಮ ಪಂಚಾಂಗ ಹೀಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮಕ್ಕೆ. ಧಾರವಾಡದಿಂದ ಅಳ್ನಾವರದ ಕಡೆಗೆ ಹೋಗುವ ರೈಲುದಾರಿಯಲ್ಲಿ ಕ್ಯಾರಕೊಪ್ಪ, ಮುಗದ, ಕಂಬಾರಗಣವಿ ಸಿಗುತ್ತವೆ. ಆ ಕಡೆ ಮಳೆ ಬಂದರೂ ನೀರು ಇಂಗಿ ಹೋಗುತ್ತದೆ, ಕಾಲಿಗೆ ಹತ್ತುವುದಿಲ್ಲ. ಮುಗದದಲ್ಲಿ ದೊಡ್ಡ ಕೆರೆ ಇದೆ, ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರವೂ ಇದೆ. ಆಗಸ್ಟ್‌ನಲ್ಲಿ ಅಲ್ಲಿನ ಗದ್ದೆಯ ಹಸಿರನ್ನು ನೋಡಿದರೆ ಇದೇ ಜಿಲ್ಲೆಯಲ್ಲಿ ನವಲಗುಂದವೂ ಇದೆ ಎಂದು ನಂಬಲಾಗುವುದಿಲ್ಲ. ದಸರೆ ಮುಗಿದು ಎರೆ ಆರಿದ ಮೇಲೆ, ಅಂದರೆ ನವೆಂಬರ್‌ನಿಂದ ಫೆಬ್ರುವರಿವರೆಗೆ, ಪೂರ್ವಕ್ಕೆ. ಬೇಸಿಗೆಯಲ್ಲಿ ಬರಿಯ ಐದು ಕಿಲೋಮೀಟರ್, ಬೆಳಿಗ್ಗೆ ಐದೂವರೆಗೆ ಹೊರಟು ಎಂಟಕ್ಕೆ ಮುಗಿಸುತ್ತೇವೆ: ನುಗ್ಗಿಕೇರಿ, ಕೆಲಗೇರಿ, ಶಾಲ್ಮಲೆ ಹುಟ್ಟುವ ಸೋಮೇಶ್ವರ. ಮೇ ತಿಂಗಳಲ್ಲಿ ಮೂರು ಜನ ಬಂದರೆ ಹೆಚ್ಚು. ಮಾವಿನಹಣ್ಣಿನ ಕಾಲ, ಯಾರನ್ನು ದೂರುವುದು.

ಇನ್ನು ದಾರಿಯ ವಿಷಯ. ಇದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ, ನನ್ನ ಕಸುಬು ಅದು. ಹೊಲದ ನಡುವೆ ಕಾಣುವ ಎಲ್ಲ ದಾರಿಯೂ ದಾರಿಯಲ್ಲ. ಹಳ್ಳಿಯ ನಕಾಶೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಬರೆದಿರುವ ಬಂಡಿದಾರಿ, ಕಾಲುದಾರಿ, ಹಳ್ಳ, ಇವು 'ಬ' ಖರಾಬು. ಅಂದರೆ ಸಾರ್ವಜನಿಕರದ್ದು, ಯಾರೂ ತಡೆಯುವಂತಿಲ್ಲ. ಗಾಯರಾಣದಲ್ಲಿಯೂ, ಅಂದರೆ ಊರ ಗೋಮಾಳದಲ್ಲಿಯೂ, ದನಗಳ ಹಿಂದೆ ನಾವೂ ನಡೆಯಬಹುದು. ಆದರೆ ಇಬ್ಬರ ಹೊಲದ ನಡುವಿನ ಬದು ಅವರಿಬ್ಬರದ್ದು. ನಡೆಯುವುದಾದರೆ ಕೇಳಿ ನಡೆಯಬೇಕು. ಮೊಬೈಲಿನಲ್ಲಿ ದಿಶಾಂಕ್ ಎಂಬ ಸರ್ಕಾರದ ಆ್ಯಪ್ ಇದೆ, ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ನಾನು ಹಿಂದಿನ ವಾರವೇ ಒಬ್ಬನೇ ಹೋಗಿ ದಾರಿ ನೋಡಿಕೊಂಡು ಬರುತ್ತೇನೆ. ನಕಾಶೆಯಲ್ಲಿ ಇರುವ ದಾರಿ ನೆಲದ ಮೇಲೆ ಇಲ್ಲದಿರುವುದು ನಮ್ಮಲ್ಲಿ ಮಾಮೂಲು. ಮೂರು ತಲೆಮಾರು ಒಂದೊಂದು ಸಾಲು ಒತ್ತಿ ಉತ್ತರೆ ಎರಡು ಬಂಡಿ ಎದುರುಬದುರಾಗುತ್ತಿದ್ದ ದಾರಿಯಲ್ಲಿ ಮೇಕೆಯೂ ಹೋಗದಂತಾಗುತ್ತದೆ. ನೌಕರಿಯಲ್ಲಿ ಇದ್ದಾಗ ಅಂಥದ್ದನ್ನು ಬಿಡಿಸಲು ಹೋಗಿ ಎರಡೂ ಕಡೆಯವರಿಂದ ಬೈಸಿಕೊಳ್ಳುತ್ತಿದ್ದೆ. ಈಗ ಸುಮ್ಮನೆ ಸುತ್ತಿ ಹೋಗುತ್ತೇನೆ.

ಕಪ್ಪತಗುಡ್ಡದ ಹೆಸರು ಹೇಳಿ ಆಸೆ ತೋರಿಸುವವರು ಸಿಗುತ್ತಾರೆ. ಗುಡ್ಡ ಚೆನ್ನಾಗಿದೆ, ಅನುಮಾನವಿಲ್ಲ. ಆದರೆ 2019ರಿಂದ ಅದರ 244 ಚದರ ಕಿಲೋಮೀಟರ್ ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಅನುಮತಿ ಪಡೆದು, ಅವರು ತೋರಿಸಿದ ಕಡೆ ಮಾತ್ರ ನಡೆಯಬೇಕು. ಬೇಸಿಗೆಯಲ್ಲಿ ಬಾದೆಹುಲ್ಲು ಒಣಗಿ ನಿಂತಾಗ ಒಂದು ಬೀಡಿಯ ತುಂಡು ಸಾಕು. ನಾವು ಅಲ್ಲಿಗೆ ಹೋದದ್ದು ಒಂದೇ ಸಲ.

ನಿಮ್ಮ ಪ್ರಶ್ನೆಗಳು. ಮೊಣಕಾಲು: ಬೆಳವಲ ಹಪ್ಪಳದಂತೆ ಸಪಾಟು, ನಿಮ್ಮ ಮೊಣಕಾಲಿಗೆ ಅದೇ ತಕ್ಕದ್ದು. ಬಂಡಿಯ ಚಕ್ರ ಕೊರೆದ ಜಾಡಿನಲ್ಲಿ ಕಾಲು ಹೊರಳದಂತೆ ನೋಡಿಕೊಂಡರೆ ಸಾಕು. ಜಾಲರಿ ಬಟ್ಟೆಯ ಮೆತ್ತನೆಯ ಬೂಟು ಬೇಡ, ಬಳ್ಳಾರಿ ಜಾಲಿಯ ಮುಳ್ಳು ಅದರ ಅಟ್ಟೆಯನ್ನು ಸೂಜಿಯಂತೆ ದಾಟುತ್ತದೆ. ಹಿಂದೆ ಬಿದ್ದರೆ: ಕಾಯುತ್ತೇವೆ. ಇದಕ್ಕೊಂದು ಏರ್ಪಾಡು ಇದೆ. ಡಿಸೆಂಬರ್ ಹೊತ್ತಿಗೆ ಜೋಳ ಆಳೆತ್ತರ ದಾಟಿರುತ್ತದೆ. ದಾರಿ ಒಂದು ಸಲ ತಿರುಗಿದರೆ ಮುಂದಿನವರಿಗೆ ಹಿಂದಿನವರು ಕಾಣುವುದಿಲ್ಲ, ಕೂಗಿದರೆ ಜೋಳ ದನಿಯನ್ನು ನುಂಗುತ್ತದೆ. ಒಮ್ಮೆ ಇಬ್ಬರನ್ನು ಹೀಗೆ ಕಳೆದುಕೊಂಡು ತಾಸುಗಟ್ಟಲೆ ಹುಡುಕಿದೆವು. ಅವರು ಒಂದು ಬೇವಿನ ಮರದ ಕೆಳಗೆ ನಮ್ಮ ಪಾಲಿನ ಬುತ್ತಿಯನ್ನೂ ಬಿಚ್ಚಿ ಕುಳಿತಿದ್ದರು. ಅಂದಿನಿಂದ ಕಟ್ಟಕಡೆಗೆ ನಡೆಯುವವರ ಚೀಲಕ್ಕೆ ಎತ್ತಿನ ಕೊರಳ ಗಂಟೆ ಕಟ್ಟುತ್ತೇವೆ. ಗಂಟೆ ಕೇಳಿಸುವಷ್ಟು ದೂರವೇ ಗುಂಪಿನ ಉದ್ದ. ಕೇಳಿಸದಿದ್ದರೆ ಮುಂದಿನವನು, ಅಂದರೆ ನಾನು, ನಿಲ್ಲಬೇಕು.

ಮಾತು: ಬೇಡವೆಂದರೆ ಬೇಡ. ನಮ್ಮಲ್ಲಿ ಒಬ್ಬರು ಎಂಟು ತಿಂಗಳು ಬಂದರು, "ನಮಸ್ಕಾರ", "ಚಟ್ನಿ ಕೊಡಿ" ಬಿಟ್ಟು ಮೂರನೆಯ ಮಾತು ಆಡಲಿಲ್ಲ. ಒಂಬತ್ತನೆಯ ತಿಂಗಳು ತಮ್ಮ ಮಗನ ಕಥೆ ಹೇಳಲು ಶುರು ಮಾಡಿದರು, ಹೆಬ್ಬಳ್ಳಿಯ ಹತ್ತಿರ ಆರಂಭವಾದದ್ದು ಧಾರವಾಡದ ಬಸ್ ನಿಲ್ದಾಣದಲ್ಲೂ ಮುಗಿದಿರಲಿಲ್ಲ. ಮುಖ ನೋಡದೆ, ಪಕ್ಕಪಕ್ಕದಲ್ಲಿ ನಡೆಯುತ್ತಾ ಆಡುವ ಮಾತೇ ಬೇರೆ.

ಹೆಂಗಸರ ಅನುಕೂಲದ ಪ್ರಶ್ನೆಗೆ ನಾನು ಉತ್ತರ ಕೊಡುವುದು ಸರಿಯಲ್ಲ. ಬಲ್ಲವರು ಇಲ್ಲೇ ಇದ್ದಾರೆ, ಅವರೇ ಹೇಳಲಿ.

ಡಿಸೆಂಬರ್‌ನಲ್ಲಿ ಅಣ್ಣಿಗೇರಿ. ಜನವರಿಯಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ, ಪಟ್ಟೆತಲೆ ಹೆಬ್ಬಾತು ಬಂದಿರುತ್ತವೆ. ಹಗಲು ನೀರಿನಲ್ಲಿ ತಂಗಿ, ಸುತ್ತಲಿನ ಹೊಲಗಳಿಗೆ ಮೇಯಲು ಹೋಗುವ ಹಕ್ಕಿಗಳು. ನಸುಕಿನಲ್ಲಿ ಸಾಲು ಸಾಲಾಗಿ ಕೆರೆಗೆ ಮರಳುವುದನ್ನು ನೋಡಬೇಕು. 2024ರಲ್ಲಿ ಕೆರೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಗೆ, ಸೇರಿದ ಮೇಲೆ ಕಾರುಗಳೂ ಹೆಚ್ಚಿವೆ. ಸೇರುವ ಜಾಗ, ಸಮಯ ಖಾಸಗಿ ಸಂದೇಶದಲ್ಲಿ ಕಳುಹಿಸಿದ್ದೇನೆ.

ಗಿರಮಿಟ್ಟು ಪ್ರಿಯರೇ, ಎರಡು ವರ್ಷದ ಹಿಂದೆ ನೀವೂ ಒಮ್ಮೆ ಬಂದಿದ್ದಿರಿ. ಆ ಬೂಟಿನ ಅಟ್ಟೆ ನಿಮ್ಮದೇ ಅಲ್ಲವೇ?

ಗಿರಮಿಟ್ಟು ಪ್ರಿಯ (ನವೆಂಬರ್ 15)

ಅದನ್ನು ಇಲ್ಲಿ ಹೇಳಬೇಕಿತ್ತೇ ಕಾಕಾ.

ಬದುವಿನ ಆಚೆ, ನವಲಗುಂದ ತಾಲ್ಲೂಕು (ನವೆಂಬರ್ 17)

ನಾನು ನಡೆಯುವವನಲ್ಲ, ನೀವು ನಡೆದು ಹೋಗುವ ಹೊಲದವನು. ಬೆಣ್ಣೆಹಳ್ಳದ ದಂಡೆಗೆ ಹನ್ನೊಂದು ಎಕರೆ ಎರೆ ಇದೆ. ಈ ಸಲ ಅರ್ಧ ಕಡಲೆ, ಉಳಿದದ್ದರಲ್ಲಿ ಜೋಳ, ಸ್ವಲ್ಪ ಗೋಧಿ. ಸರಪಳಿ ಕಾಕಾ ಹೇಳಿದ ಖರಾಬಿನ ಲೆಕ್ಕ ಸರಿಯೇ. ಆದರೆ ಹೊಲದ ಕಡೆಯಿಂದಲೂ ನಾಲ್ಕು ಮಾತು ಇರಲಿ.

ಹೋದ ಜನವರಿಯಲ್ಲಿ ಬೇರೆ ಯಾವುದೋ ಗುಂಪು ಬಂದಿತ್ತು, ನಲವತ್ತು ಜನರ ಮೇಲಿದ್ದರು. ಎಲ್ಲರೂ ಒಳ್ಳೆಯವರೇ, ನಗುನಗುತ್ತಾ ಮಾತನಾಡಿಸಿದರು. ಸುಲಗಾಯಿ, ಅಂದರೆ ಹಸಿ ಕಡಲೆಕಾಯಿ, ಕಂಡರೆ ಯಾರಿಗೆ ಬಾಯಿ ನೀರೂರುವುದಿಲ್ಲ ಹೇಳಿ. ಒಬ್ಬರು ಒಂದು ಗಿಡ ಕಿತ್ತರು, "ಒಂದೇ ಅಲ್ಲವೇ" ಎಂದುಕೊಂಡರು. ಅವರ ಹಿಂದಿನವರೂ ಹಾಗೆಯೇ ಅಂದುಕೊಂಡರು. ಸಾಲು ದಾಟಿ ಹೋದ ಮೇಲೆ ನೋಡಿದರೆ ದಾರಿಯ ಪಕ್ಕದ ಕಡಲೆ ಬೋಳು. ಕೇಳಿದ್ದರೆ ನಾನೇ ಒಂದು ಸೂಡು ಕಿತ್ತು, ಹುಲ್ಲು ಹಾಕಿ ಸುಟ್ಟು ಕೊಡುತ್ತಿದ್ದೆ. ಮನೆಗೆ ಬಂದವರಿಗೆ ಕೊಡದೆ ಕಳುಹಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಕೇಳದೆ ಕಿತ್ತಾಗ ಮಾತ್ರ ಹೊಟ್ಟೆಯಲ್ಲಿ ಒಂದು ಥರ ಆಗುತ್ತದೆ.

ಇನ್ನೊಂದು: ಬೆಳಿಗ್ಗೆ ಕಡಲೆಯ ಒಳಗೆ ಇಳಿಯಲೇಬೇಡಿ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಇಬ್ಬನಿಯ ಹೊತ್ತಿನಲ್ಲಿ ಆ ಎಲೆಗಳ ಮೇಲೆ ಹುಳಿ ಇರುತ್ತದೆ. ನಮ್ಮ ಅವ್ವ ರಾತ್ರಿ ತೆಳುವಾದ ಧೋತರವನ್ನು ಕಡಲೆಯ ಮೇಲೆ ಹಾಸಿ, ನಸುಕಿನಲ್ಲಿ ಹಿಂಡಿ, ಆ ಹುಳಿಯನ್ನು ಸೀಸೆಯಲ್ಲಿ ಇಡುತ್ತಿದ್ದಳು. ಹೊಟ್ಟೆನೋವು ಎಂದರೆ ನೀರಿನಲ್ಲಿ ನಾಲ್ಕು ಹನಿ. ಆ ಹುಳಿ ತಾಗಿ ತಾಗಿ ಚಪ್ಪಲಿಯ ಚರ್ಮ ಬೆಳ್ಳಗಾಗುತ್ತದೆ, ಪಾದಕ್ಕೆ ಗಾಯ ಇದ್ದರೆ ಚುರುಚುರು ಎನ್ನುತ್ತದೆ. ಜೋಳದ ಅಂಚಿಗೆ ಕುಸುಬೆ ಬಿತ್ತಿರುವುದು ಫೋಟೋ ತೆಗೆಯಲಿ ಎಂದಲ್ಲ. ಅದರ ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುವುದಿಲ್ಲ. ಹಳದಿ ಹೂವು ಚೆಂದ ಎಂದು ಕೈ ಹಾಕಿದವರಿಗೆ ತಕ್ಷಣ ಗೊತ್ತಾಗುತ್ತದೆ.

ಹತ್ತಿಗೆ, ಕಡಲೆಗೆ ಔಷಧಿ ಹೊಡೆದಿರುತ್ತೇವೆ, ಎಲ್ಲ ಕಡೆ ಬೋರ್ಡು ಹಾಕಿರುವುದಿಲ್ಲ. ಹಸಿ ಕಾಯಿ ಬಾಯಿಗೆ ಹಾಕುವ ಮೊದಲು ಕೇಳಿ. ಕೆಲವು ಕಡೆ ಹಂದಿಯ ಕಾಟಕ್ಕೆ ಹೊಲದ ಸುತ್ತ ತಂತಿ ಎಳೆದಿರುತ್ತಾರೆ, ತಂತಿ ಕಂಡರೆ ಮುಟ್ಟಬೇಡಿ, ದಾಟಬೇಡಿ. ಸುಮ್ಮನೆ ಕಟ್ಟಿದ್ದೋ, ಕರೆಂಟು ಹಾಯಿಸಿದ್ದೋ ಎಂದು ಪರೀಕ್ಷೆ ಮಾಡುವ ಕೆಲಸ ಬೇಡ. ಸಂಜೆ ತಡವಾದರೆ ಬ್ಯಾಟರಿ ಇರಲಿ, ಮಂಡಲದ ಹಾವು ದಾರಿ ಬಿಡುವ ಜಾತಿಯಲ್ಲ, ಎಲೆಯ ನಡುವೆ ಬಿದ್ದುಕೊಂಡೇ ಇರುತ್ತದೆ. ಕುರಿಹಟ್ಟಿಯ ಹತ್ತಿರ ಹೋಗುವಾಗ ದೂರದಿಂದಲೇ ಕುರುಬರನ್ನು ಕೂಗಿ. ಅವರ ನಾಯಿಗಳಿಗೆ ನಿಮ್ಮ ಸದುದ್ದೇಶ ತಿಳಿಯುವುದಿಲ್ಲ.

ಬೈಯಲು ಬಂದೆ ಎಂದುಕೊಳ್ಳಬೇಡಿ. ಎಳ್ಳ ಅಮಾವಾಸ್ಯೆಗೆ ಬರುವುದಾದರೆ ಬನ್ನಿ. ಚರಗ ಚೆಲ್ಲುವಾಗ ನಾವೂ ನಡೆಯುವವರೇ. ಮುಂದೆ ಒಬ್ಬರು "ಹುಲ್ಲುಲ್ಲಿಗೋ" ಎಂದು ಅಡುಗೆಯನ್ನು ಹೊಲದ ಸುತ್ತ ಚೆಲ್ಲುತ್ತಾ ಹೋಗುತ್ತಾರೆ, ಹಿಂದೆ ಇನ್ನೊಬ್ಬರು "ಚಲ್ಲಂಬ್ರಿಗೋ" ಎಂದು ನೀರು ಚಿಮುಕಿಸುತ್ತಾ ಬರುತ್ತಾರೆ. ಹನ್ನೊಂದು ಎಕರೆ ಒಂದು ಸುತ್ತು ಎಂದರೆ ಎಷ್ಟು ಸರಪಳಿ ಆಗುತ್ತದೆ ಎಂದು ಕಾಕಾ ಲೆಕ್ಕ ಹಾಕಲಿ. ಆಮೇಲೆ ಸಜ್ಜೆರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಇಪ್ಪತ್ತು ಜನರಿಗಿಂತ ಹೆಚ್ಚು ಬಂದರೆ ಮಾತ್ರ ಎರಡು ದಿನ ಮೊದಲು ತಿಳಿಸಿ, ರೊಟ್ಟಿ ಬಡಿಯುವವರು ನನ್ನ ಹೆಂಡತಿ ಮತ್ತು ನಾದಿನಿ ಇಬ್ಬರೇ.

ಸರಪಳಿ (ನವೆಂಬರ್ 17)

ಹೊಲ ಚೌಕವಾಗಿದ್ದರೆ 84 ಸರಪಳಿ. ಯಾವ ಹೊಲವೂ ಚೌಕವಾಗಿರುವುದಿಲ್ಲ, 90 ಎಂದಿಟ್ಟುಕೊಳ್ಳೋಣ. ಬರುತ್ತೇವೆ ತಮ್ಮಾ, ಹದಿನೆಂಟೇ ಜನ. ರೊಟ್ಟಿ ನಾವೂ ಕಟ್ಟಿಕೊಂಡು ಬರುತ್ತೇವೆ.

ಎರಡು ಛತ್ರಿ, ಧಾರವಾಡ (ನವೆಂಬರ್ 18)

ನಿವೃತ್ತ ಶಿಕ್ಷಕಿ ನಾನು, 63 ವರ್ಷ. ಕಾಕಾ ಮುಜುಗರಪಟ್ಟು ಬಿಟ್ಟ ಪ್ರಶ್ನೆಗೆ ಬರುತ್ತೇನೆ. ಮೊದಲು, ಅವರು ನಿಧಾನವಾಗಿ ನಡೆಯುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗಂಟೆ ಕೇಳಿಸುತ್ತಿಲ್ಲ ಎಂದು ನಿಲ್ಲುವ ಮನುಷ್ಯನಿಗೆ ಒಂದು ಕಿವಿ ಸ್ವಲ್ಪ ಮಂದ, ಆದ್ದರಿಂದಲೇ ನಮಗೆ ಪದೇ ಪದೇ ವಿಶ್ರಾಂತಿ ಸಿಗುತ್ತದೆ.

ಹೆಂಗಸರು ಸಾಮಾನ್ಯವಾಗಿ ಏಳೆಂಟು ಜನ ಇರುತ್ತೇವೆ. ಬೆಳವಲದಲ್ಲಿ ಮರೆ ಎನ್ನುವುದೇ ಇಲ್ಲ, ಜೋಳ ಕೊಯ್ದ ಮೇಲಂತೂ ಹುಬ್ಬಳ್ಳಿಯಿಂದ ನಿಂತು ನೋಡಿದರೂ ಕಾಣುತ್ತೇವೇನೋ. ಮೊದಲ ಸಲ ನಾನು ಬೆಳಿಗ್ಗೆಯಿಂದ ನೀರು ಕುಡಿಯದೆ ನಡೆದು, ಮನೆಗೆ ಬರುವಷ್ಟರಲ್ಲಿ ತಲೆನೋವು ಹತ್ತಿ ಎರಡು ದಿನ ಮಲಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಆಮೇಲೆ ಉಪಾಯ ಹೊಳೆಯಿತು: ಅಜ್ಜಂದಿರು ಹಿಡಿಯುತ್ತಿದ್ದ ದೊಡ್ಡ ಕರಿಯ ಛತ್ರಿ ಎರಡು. ಎರಡನ್ನೂ ಬಿಚ್ಚಿ ನೆಲಕ್ಕೆ ತಾಗಿಸಿ ಪಕ್ಕಪಕ್ಕ ಹಿಡಿದರೆ ಗೋಡೆಯೇ ಆಯಿತು. ಇಬ್ಬರು ಆಚೆ ಮುಖ ಮಾಡಿ ಹಿಡಿಯುವುದು, ಸರದಿಯಂತೆ. ಗಂಡಸರು ಅಷ್ಟು ಹೊತ್ತು ಮುಂದೆ ನಡೆದಿರುತ್ತಾರೆ. ಯಾರೂ ಏನೂ ಕೇಳುವುದಿಲ್ಲ, ಯಾರೂ ಏನೂ ಹೇಳುವುದಿಲ್ಲ. ಬಿಸಿಲಿಗೂ ಆಗುತ್ತದೆ, ನಾಯಿಗೂ ಆಗುತ್ತದೆ. ಎದುರಿಗೆ ಫಟ್ಟನೆ ಛತ್ರಿ ಬಿಚ್ಚಿದರೆ ಎಂಥ ನಾಯಿಯೂ ಒಂದು ಕ್ಷಣ ಯೋಚಿಸುತ್ತದೆ.

ಹಳ್ಳಿ ಸಿಕ್ಕಾಗ ಮನೆಯವರನ್ನು ಕೇಳುತ್ತೇವೆ. ಭಾನುವಾರ ಶಾಲೆಗೆ ಬೀಗ, ಅದನ್ನು ನಂಬಿಕೊಳ್ಳಬೇಡಿ. ಗಂಡಸರನ್ನಲ್ಲ, ಬಾಗಿಲಲ್ಲಿ ಕುಳಿತ ಅಜ್ಜಿಯನ್ನು ಕೇಳಿ. ಇಲ್ಲ ಎಂದವರು ಈವರೆಗೆ ಒಬ್ಬರೂ ಇಲ್ಲ, ಮೇಲೆ ಚಹಾ. ಒಂದು ಊರಿನಲ್ಲಿ ನಾವು ಎಂಟು ಜನ ಸರದಿಯಲ್ಲಿ ನಿಂತು ಅವರ ಹಂಡೆಯ ನೀರನ್ನೆಲ್ಲ ಖಾಲಿ ಮಾಡಿದೆವು. ಅಲ್ಲಿ ನಳಕ್ಕೆ ನೀರು ಬರುವುದು ಎಂಟು ದಿನಕ್ಕೊಮ್ಮೆ ಎಂದು ಹೊರಡುವಾಗ ಗೊತ್ತಾಯಿತು. ಮುಂದಿನ ವರ್ಷ ಅದೇ ದಾರಿ ಹಿಡಿದಾಗ ಒಂದು ಕಿಲೋ ಸಕ್ಕರೆ, ಚಹಾಪುಡಿ ಒಯ್ದು ಕೊಟ್ಟೆ. ಅಜ್ಜಿ ತೆಗೆದುಕೊಳ್ಳಲು ಒಪ್ಪಲಿಲ್ಲ, ಅದರಲ್ಲೇ ಮತ್ತೆ ನಮಗೆ ಚಹಾ ಮಾಡಿಕೊಟ್ಟರು. ಈಗ ಕುಡಿಯುವ ನೀರಿನ ಜೊತೆ ಇನ್ನೊಂದು ಸೀಸೆ ನೀರು ನಮ್ಮ ಚೀಲದಲ್ಲೇ ಇರುತ್ತದೆ.

ಸೀರೆಯೋ ಚೂಡಿದಾರವೋ, ನಿಮ್ಮ ಇಷ್ಟ. ಸೀರೆ ಉಟ್ಟರೆ ನಿರಿಗೆಗೆ ಉತ್ತರಾಣಿ ಹತ್ತುತ್ತದೆ, ಸೋಮವಾರ ಸಂಜೆ ಅದನ್ನು ಒಂದೊಂದೇ ಬಿಡಿಸುತ್ತಾ ಕುಳಿತುಕೊಳ್ಳುವುದೂ ಒಂದು ಕೆಲಸ. ಬುತ್ತಿಗೆ ಅನ್ನ ಬೇಡ, ಹಳಸುತ್ತದೆ. ರೊಟ್ಟಿ, ಗುರೆಳ್ಳು ಚಟ್ನಿ, ಒಂದು ಉಳ್ಳಾಗಡ್ಡಿ. ಮೊಸರನ್ನು ನಾನು ತರುತ್ತೇನೆ.

ಹದಿನೆಂಟು ಸುತ್ತು (ಡಿಸೆಂಬರ್ 16)

ಹೋಗಿ ಬಂದೆ. ಎರಡು ದಿನ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು, ಅದಕ್ಕೇ ಬರೆಯುವುದು ತಡವಾಯಿತು. ನಡೆಯುವಾಗ ಮೊಣಕಾಲು ಒಂದು ಮಾತೂ ಆಡಲಿಲ್ಲ. ವಾಪಸು ಬಸ್ಸಿನಿಂದ ಇಳಿಯುವಾಗ ಎಲ್ಲವನ್ನೂ ಒಟ್ಟಿಗೆ ಹೇಳಿತು.

ಅಣ್ಣಿಗೇರಿಯಲ್ಲಿ ಮೊದಲು ಅಮೃತೇಶ್ವರ ದೇವಸ್ಥಾನಕ್ಕೆ ಹೋದೆವು. 76 ಕಂಬಗಳಿವೆ ಎಂದು ಕಾಕಾ ಹೇಳಿದರು. ನಾನು ಎಣಿಸಲು ಹೋಗಿ 41ಕ್ಕೆ ತಪ್ಪಿದೆ, ಮತ್ತೆ ಮೊದಲಿನಿಂದ ಎಣಿಸಿ 71ಕ್ಕೆ ತಪ್ಪಿದೆ. ಆಗಲೇ ಗುಂಪು ಅಗಸಿ ದಾಟಿತ್ತು, ಗಂಟೆಯವರು ನನಗಾಗಿ ನಿಂತಿದ್ದರು. ಹೀಗಾಗಿ ಮೊದಲ ದಿನವೇ ನಾನು ಕಟ್ಟಕಡೆಯವಳು. ಗಂಟೆಯನ್ನು ನನ್ನ ಚೀಲಕ್ಕೇ ಕಟ್ಟಿಸಿಕೊಂಡೆ.

ಜೋಳದ ನಡುವಿನ ದಾರಿಯ ಬಗ್ಗೆ ಕಾಕಾ ಬರೆದದ್ದನ್ನು ಓದಿದಾಗ ಸ್ವಲ್ಪ ಉತ್ಪ್ರೇಕ್ಷೆ ಎಂದುಕೊಂಡಿದ್ದೆ. ಎರಡೂ ಕಡೆ ತಲೆಯ ಮೇಲೆ ಒಂದು ಮೊಳ ಎತ್ತರ, ತೆನೆ ಆಗಷ್ಟೇ ಹೊರಬಂದಿತ್ತು. ಮುಂದಿನವರು ತಿರುವಿನಲ್ಲಿ ಮಾಯವಾದ ಮೇಲೆ ಉಳಿದದ್ದು ಎಲೆಗೆ ಎಲೆ ಉಜ್ಜುವ ಸದ್ದು, ನನ್ನ ಬೆನ್ನಿನ ಗಂಟೆ. ನಾನು ನಿಂತರೆ ಗಂಟೆಯೂ ನಿಲ್ಲುತ್ತಿತ್ತು. ಅಪ್ಪನ ಹತ್ತಿರ ಕಂದು ಬಣ್ಣದ ಒಂದು ಎತ್ತು ಇತ್ತು, ಸಂಜೆ ಅದು ಹೊಲದಿಂದ ಬರುವುದು ಕೊರಳ ಗಂಟೆಯಿಂದಲೇ ಮನೆಯಲ್ಲಿ ಗೊತ್ತಾಗುತ್ತಿತ್ತು, ಅವ್ವ ಒಲೆಗೆ ನೀರು ಇಡುತ್ತಿದ್ದಳು. ಆ ಎತ್ತಿನ ಹೆಸರು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ರಾತ್ರಿ ಅಣ್ಣನಿಗೆ ಫೋನ್ ಮಾಡಿ ಕೇಳಿದೆ. ಅವನಿಗೂ ಗೊತ್ತಿಲ್ಲ. ಆದರೆ ಮುಕ್ಕಾಲು ತಾಸು ಮಾತನಾಡಿದ.

ಕಡಲೆಯ ಹೊಲದವರನ್ನು ಕೇಳಿದೆವು. ಔಷಧಿ ಹೊಡೆದಿಲ್ಲ ಎಂದು ಹೇಳಿ ಅವರೇ ಒಂದು ಕುಡಿ ಚಿವುಟಿ ಕೊಟ್ಟರು. ಬೆರಳಿಗೆ ಅಂಟಂಟು, ನಾಲಿಗೆಗೆ ಇಟ್ಟರೆ ಹುಳಿಯ ಜೊತೆ ಉಪ್ಪು. ಬಾಯಿಗೆ ಅದರ ಗುರುತು ಇತ್ತು. ಚಪ್ಪಲಿಯ ಮುಂದಿನ ತುದಿ ಬೆಳ್ಳಗಾಗಿದೆ, ಒರೆಸಿಲ್ಲ, ಹಾಗೇ ಬಿಟ್ಟಿದ್ದೇನೆ. ಎರೆ ಬಿರುಕು ಬಿಡಲು ಶುರುವಾಗಿದೆ, ಒಂದು ಕಡೆ ನನ್ನ ನಾಲ್ಕು ಬೆರಳು ಒಳಗೆ ಹೋದವು.

ಎರಡು ತಾಸು ಯಾರ ಜೊತೆಯೂ ಮಾತನಾಡಲಿಲ್ಲ, ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಬುತ್ತಿಯ ಹೊತ್ತಿಗೆ ಮಾತು ತಾನಾಗಿಯೇ ಬಂತು, ಆಮೇಲೆ ನಿಲ್ಲಿಸುವುದು ಕಷ್ಟವಾಯಿತು. ಛತ್ರಿಯ ಗೋಡೆಗೆ ನನ್ನ ನಮಸ್ಕಾರ. ನಾನೂ ಒಂದು ಸರದಿ ಹಿಡಿದೆ.

ಯಜಮಾನರು ಜನವರಿಗೆ ಬರುತ್ತಾರಂತೆ. ನಡೆಯಲು ಅಲ್ಲ, ಹೆಬ್ಬಾತು ನೋಡಲು ಎಂದು ಒತ್ತಿ ಹೇಳಿದ್ದಾರೆ.

ಒಂದು ವಿಚಾರಣೆ: ನನ್ನ ಸ್ಟೀಲ್ ಡಬ್ಬಿಯ ಮುಚ್ಚಳ ಯಾರ ಚೀಲದಲ್ಲಿ ಹೋಗಿದೆ? ಒಳಗಡೆ ತವರಿನವರ ಹೆಸರು ಕೊರೆದಿದೆ.

ಎರಡು ಛತ್ರಿ (ಡಿಸೆಂಬರ್ 16)

ನನ್ನ ಹತ್ತಿರ ಇದೆ, ಮೊಸರಿನ ಡಬ್ಬಿಗೆ ಸರಿಯಾಗಿ ಕೂತಿತ್ತು, ಗೊತ್ತೇ ಆಗಲಿಲ್ಲ. ಮಾಗಡಿಗೆ ತರುತ್ತೇನೆ. ನನ್ನ ಒಂದು ಛತ್ರಿ ಕಾಣುತ್ತಿಲ್ಲ. ಕೊನೆಯ ಸರದಿ ಹಿಡಿದವರು ದಯವಿಟ್ಟು ತಮ್ಮ ಮನೆಯ ಬಾಗಿಲ ಹಿಂದೆ ನೋಡಿ.